ಲೇಖಕರ ಜೊತೆ ಆನ್‌ಲೈನ್ ಓದು: ಮೈಸೂರು, ಮಂಡ್ಯದ ಓದುಗ ಬಳಗಗಳಿಗೆ ಕೈಪಿಡಿ

ಲೇಖಕರನ್ನು ಆನ್‌ಲೈನ್ ಸಭೆಗೆ ಕರೆಸುವುದು ಈಗ ದೊಡ್ಡ ಕೆಲಸವಲ್ಲ. ಒಂದು ಫೋನ್ ಕರೆ, ಒಂದು ಲಿಂಕ್ ಸಾಕು. ಅವರು ಬಂದು ಕೂತ ಮೇಲೆ ಏನು ಮಾತಾಡುತ್ತೇವೆ ಎನ್ನುವಲ್ಲಿ ಬಳಗಗಳು ಎಡವುತ್ತವೆ. ಪುಸ್ತಕ ಓದಿ ಬಂದವರು ಐದಾರು ಜನ, ಉಳಿದವರು ಲೇಖಕರನ್ನು ನೋಡಲು ಬಂದವರು. ಸ್ವಾಗತಕ್ಕೆ ಹತ್ತು ನಿಮಿಷ, ಪರಿಚಯಕ್ಕೆ ಹದಿನೈದು, ಆಮೇಲೆ "ಬರೆಯೋಕೆ ಪ್ರೇರಣೆ ಏನು ಸರ್" ಎಂಬ ಪ್ರಶ್ನೆ, ಕೊನೆಗೆ ವಂದನಾರ್ಪಣೆ. ನೂರು ಸಲ ಹೇಳಿದ ಉತ್ತರವನ್ನು ಲೇಖಕರು ನೂರೊಂದನೇ ಸಲ ಹೇಳಿ ಹೋಗುತ್ತಾರೆ. ಪುಸ್ತಕ ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತದೆ.

ಅವತ್ತಿನ ಪ್ರತಿ ಮಾತೂ ಪುಸ್ತಕದ ಯಾವುದಾದರೂ ಒಂದು ಪುಟಕ್ಕೆ ಅಂಟಿಕೊಂಡಿದ್ದರೆ ಈ ಗತಿ ಬರುವುದಿಲ್ಲ. ಕೆಳಗಿನ ತಯಾರಿಯೆಲ್ಲ ಅದಕ್ಕಾಗಿ. 20ರಿಂದ 30 ಜನರ ಬಳಗ, ಅರ್ಧ ಮೈಸೂರಿನವರು, ಇನ್ನರ್ಧ ಮಂಡ್ಯ, ಮದ್ದೂರು, ಪಾಂಡವಪುರ, ಟಿ. ನರಸೀಪುರದ ಕಡೆಯವರು ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. ಆರು ವಾರ ಬೇಕು. ನಾಲ್ಕು ವಾರಕ್ಕೆ ಇಳಿಸಿದರೆ ಮೊದಲು ಪೆಟ್ಟು ಬೀಳುವುದು ಓದಿನ ಮೇಲೆ.

ಪುಸ್ತಕ, ಪ್ರತಿಗಳು

ಕಾದಂಬರಿಯಾದರೆ 150ರಿಂದ 250 ಪುಟದೊಳಗಿನದು ಒಳ್ಳೆಯದು. ಕೆಲಸ, ಮನೆ, ಮಕ್ಕಳ ನಡುವೆ ದಿನಕ್ಕೆ ಹತ್ತು ಪುಟ ಓದುವವರೂ ನಾಲ್ಕು ವಾರದಲ್ಲಿ ಮುಗಿಸುತ್ತಾರೆ. ಕಥಾಸಂಕಲನವನ್ನು ಪೂರ್ತಿ ಓದಿ, ಸಭೆಗೆ ಮಾತ್ರ ಮೂರು ಕಥೆ ಆರಿಸಿಕೊಳ್ಳಿ. ಕವನ ಸಂಕಲನವಾದರೆ ಎಂಟು ಪದ್ಯ ಸಾಕು, ಹೆಚ್ಚೇ ಆದೀತು.

ಪುಸ್ತಕ ಘೋಷಿಸುವ ಮುಂಚೆ ಪ್ರಕಾಶಕರಿಗೆ ಫೋನ್ ಮಾಡಿ ಪ್ರತಿಗಳಿವೆಯೇ ಎಂದು ಕೇಳಿ. ಕನ್ನಡದಲ್ಲಿ ಒಂದು ಮುದ್ರಣಕ್ಕೆ ಸಾಮಾನ್ಯವಾಗಿ ಐನೂರೋ ಸಾವಿರವೋ ಪ್ರತಿ ಹಾಕುತ್ತಾರೆ. ಎರಡು ವರ್ಷ ಹಳೆಯ ಪುಸ್ತಕ ಅಂಗಡಿಯಲ್ಲಿ ಒಂದೋ ಎರಡೋ ಉಳಿದಿರುತ್ತದೆ, ಗೋದಾಮಿನಲ್ಲಿ ಇಲ್ಲದೆಯೂ ಇರಬಹುದು. 25 ಜನಕ್ಕೆ 18 ಪ್ರತಿ ಸಾಕಾಗುತ್ತದೆ: ಒಂದೇ ಮನೆಯಲ್ಲಿ ಇಬ್ಬರು ಓದುವವರಿರುತ್ತಾರೆ, ಕೆಲವರು ಇ-ಪುಸ್ತಕ ಕೊಳ್ಳುತ್ತಾರೆ, ಒಬ್ಬಿಬ್ಬರ ಬಳಿ ಮೊದಲೇ ಇರುತ್ತದೆ. ಒಟ್ಟಿಗೆ ತರಿಸಿದರೆ ರಿಯಾಯಿತಿಯೂ ಸಿಗುತ್ತದೆ. ಮೈಸೂರಿನ ಒಂದು ವಿಳಾಸಕ್ಕೆ ಒಂದು ಕಟ್ಟು, ಮಂಡ್ಯದ ಒಂದು ವಿಳಾಸಕ್ಕೆ ಇನ್ನೊಂದು ಕಟ್ಟು ತರಿಸಿ. ಮೈಸೂರು–ಮಂಡ್ಯ ನಡುವೆ ದಿನವೂ ರೈಲಲ್ಲಿ ಓಡಾಡುವ ಸದಸ್ಯರೊಬ್ಬರು ಇದ್ದೇ ಇರುತ್ತಾರೆ, ಹೆಚ್ಚು ಕಡಿಮೆಯಾದದ್ದನ್ನು ಅವರ ಚೀಲದಲ್ಲಿ ಕಳಿಸಬಹುದು.

ಪಿಡಿಎಫ್ ಹಂಚಬೇಡಿ, ಜೆರಾಕ್ಸ್ ಮಾಡಿಸಬೇಡಿ. ಬರೆದವರನ್ನೇ ಮನೆಗೆ ಕರೆದು, ಅವರ ಪುಸ್ತಕವನ್ನು ಕದ್ದು ಓದಿ ಕೂರುವುದು ದೊಡ್ಡ ಅಗೌರವ. ಕೊಳ್ಳಲಾಗದವರಿಗೆ ಬಳಗದ ಹಣದಲ್ಲಿ ಎರಡು ಪ್ರತಿ ಕೊಂಡು ಸುತ್ತು ಹಾಕಿಸಿ. ಒಬ್ಬರಿಗೆ ಹತ್ತು ದಿನ ಎಂದು ಗಡುವು ಇರಲಿ.

ಇನ್ನೊಂದು ಎಡವಟ್ಟಿನ ಜಾಗವಿದೆ. ಮೊದಲ ಮುದ್ರಣಕ್ಕೂ ಮೂರನೆಯದಕ್ಕೂ ಪುಟ ಸಂಖ್ಯೆ ಹೊಂದುವುದಿಲ್ಲ, ಇ-ಪುಸ್ತಕದಲ್ಲಂತೂ ಅಕ್ಷರದ ಗಾತ್ರ ಬದಲಿಸಿದರೆ ಪುಟವೇ ಬದಲಾಗುತ್ತದೆ. ಸಭೆಯಲ್ಲಿ "ಪುಟ 84" ಎಂದ ತಕ್ಷಣ "ನನ್ನ 84ರಲ್ಲಿ ಮದುವೆ ನಡೀತಿದೆ" ಎಂಬ ದನಿ ಬರುತ್ತದೆ, ಹುಡುಕಾಟದಲ್ಲೇ ಎರಡು ನಿಮಿಷ ಹೋಗುತ್ತದೆ. ಮೊದಲಿಂದಲೇ ಅಧ್ಯಾಯದ ಸಂಖ್ಯೆ ಮತ್ತು ಆ ಪ್ಯಾರಾದ ಮೊದಲ ಮೂರು ಪದ ಹೇಳುವ ರೂಢಿ ಮಾಡಿಸಿ.

ಕರೆ

ಮೊದಲ ಸಂದೇಶದಲ್ಲೇ ಎಲ್ಲ ವಿವರ ಇರಲಿ: ಯಾವ ಪುಸ್ತಕ, ಎಷ್ಟು ಜನ, ಅವರಲ್ಲಿ ಎಷ್ಟು ಮಂದಿ ಪೂರ್ತಿ ಓದಿರುತ್ತಾರೆ, ಎಷ್ಟು ಹೊತ್ತು, ಲೇಖಕರು ಓದಬೇಕೋ ಮಾತಾಡಬೇಕೋ ಎರಡೂನೋ, ರೆಕಾರ್ಡ್ ಮಾಡುತ್ತೀರೋ ಇಲ್ಲವೋ, ಸಂಭಾವನೆ ಎಷ್ಟು. ಸಂಭಾವನೆಯ ಮಾತನ್ನು ನಾವು ಸಂಕೋಚದಿಂದ ನುಂಗಿಕೊಳ್ಳುತ್ತೇವೆ, ಅವರೂ ಸಂಕೋಚದಿಂದ ಕೇಳುವುದಿಲ್ಲ. ಒಂದು ಸಂಜೆಯ ಶ್ರಮಕ್ಕೆ ಬೆಲೆಯಿದೆ. ತಲೆಗೆ ನೂರು ರೂಪಾಯಿ ಎತ್ತಿದರೂ 25 ಜನರಿಂದ 2,500 ಆಗುತ್ತದೆ. ಅಷ್ಟನ್ನೇ ಬಾಯಿಬಿಟ್ಟು ಹೇಳಿ. ಕೊಡಲು ಆಗದಿದ್ದರೆ ಅದನ್ನೂ ಹೇಳಿ, 18 ಪ್ರತಿ ಕೊಂಡಿದ್ದೇವೆ ಎಂದು ತಿಳಿಸಿ. ನಿರ್ಧಾರ ಅವರಿಗೆ ಬಿಟ್ಟದ್ದು.

ಬರೆಯುವ ಧಾಟಿ ಹೀಗಿದ್ದರೆ ಸಾಕು: "ನಮಸ್ಕಾರ. ಮೈಸೂರು–ಮಂಡ್ಯದ 25 ಜನ ತಿಂಗಳಿಗೊಂದು ಪುಸ್ತಕ ಓದುತ್ತೇವೆ. ಮುಂದಿನ ತಿಂಗಳಿಗೆ ನಿಮ್ಮ ಕಾದಂಬರಿ ಆರಿಸಿದ್ದೇವೆ. ನೀವು ಬರುವ ಮುಂಚೆ ಎಲ್ಲರೂ ಓದಿ, ನಮ್ಮಲ್ಲೇ ಒಮ್ಮೆ ಚರ್ಚಿಸಿರುತ್ತೇವೆ. ಒಂದೂವರೆ ಗಂಟೆಯ ಆನ್‌ಲೈನ್ ಸಭೆ. ನೀವು ಎರಡು ಭಾಗ ಓದಬೇಕು, ಆಮೇಲೆ ಪ್ರಶ್ನೆಗಳಿಗೆ ಉತ್ತರಿಸಬೇಕೆಂಬುದು ಆಸೆ. ಭಾಷಣ ಬೇಡ." ಆ ಕೊನೆಯ ಎರಡು ಪದ ಓದಿ ಎಷ್ಟೋ ಲೇಖಕರು ಒಪ್ಪಿಕೊಳ್ಳುತ್ತಾರೆ.

ರೆಕಾರ್ಡಿಂಗ್ ವಿಷಯವನ್ನು ಬರಹದಲ್ಲೇ ಇತ್ಯರ್ಥ ಮಾಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಕಟಿತ ಕೃತಿಯ ಮಿತವಾದ ಭಾಗವನ್ನು ಸಾರ್ವಜನಿಕವಾಗಿ ಓದಲು ಅವಕಾಶವಿದೆ. ಅದನ್ನು ಧ್ವನಿಮುದ್ರಿಸಿ ಯೂಟ್ಯೂಬ್‌ಗೆ ಹಾಕುವುದು ಬೇರೆ ಸಂಗತಿ. ಅದಕ್ಕೆ ಲೇಖಕರ ಒಪ್ಪಿಗೆ ಬೇಕು, ಹಕ್ಕು ಪ್ರಕಾಶಕರ ಬಳಿ ಇದ್ದರೆ ಅವರದೂ ಬೇಕು. ರೆಕಾರ್ಡ್ ಮಾಡದಿರುವುದೇ ಲೇಸು. ಕೆಂಪು ಚುಕ್ಕಿ ಹೊತ್ತಿದ ಕೂಡಲೇ ಓದುಗರೂ ಲೇಖಕರೂ ವೇದಿಕೆಯ ಭಾಷೆಗೆ ತಿರುಗುತ್ತಾರೆ.

ದಿನ ಮತ್ತು ಹೊತ್ತು

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿದೆ. ಆರು ಗಂಟೆಗೆ ಸಭೆ ಇಟ್ಟರೆ ಆ ಮನೆಗಳಿಂದ ಯಾರೂ ಬರಲಾರರು. ಭಾನುವಾರ ಸಂಜೆ ಇಟ್ಟರೆ ಬೆಂಗಳೂರಿಗೆ ವಾಪಸ್ ಹೊರಟವರು ರೈಲಿನಲ್ಲಿರುತ್ತಾರೆ, ರಾಮನಗರ ದಾಟುವ ಹೊತ್ತಿಗೆ ಅವರ ದನಿ ತುಂಡಾಗುತ್ತಿರುತ್ತದೆ. ಹಗಲು ಹೊತ್ತಿನಲ್ಲಿ ವಿದ್ಯುತ್ ನಿಲುಗಡೆಯ ಭಯ: ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ನಿರ್ವಹಣಾ ಕೆಲಸಗಳು ಹೆಚ್ಚಾಗಿ ಬೆಳಗಿನಿಂದ ಸಂಜೆಯವರೆಗೆ ಇರುತ್ತವೆ, ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ. ಇಷ್ಟೆಲ್ಲ ಕಳೆದರೆ ಉಳಿಯುವುದು ಶನಿವಾರ ರಾತ್ರಿ 7:30ರಿಂದ 9:00. ಎರಡನೇ ಅಥವಾ ನಾಲ್ಕನೇ ಶನಿವಾರವಾದರೆ ಸರ್ಕಾರಿ ನೌಕರರಿಗೂ ಬ್ಯಾಂಕಿನವರಿಗೂ ರಜೆ, ಬಾಕಿ ಉಳಿದ ಪುಟಗಳನ್ನು ಹಗಲಲ್ಲಿ ಓದಿ ಮುಗಿಸಿಕೊಂಡು ಬರುತ್ತಾರೆ.

ಲೇಖಕರು ಅಮೆರಿಕದ ಪೂರ್ವ ತೀರದಲ್ಲಿದ್ದರೆ ನಮ್ಮ ರಾತ್ರಿ 7:30 ಅವರಿಗೆ ಬೇಸಿಗೆಯಲ್ಲಿ ಬೆಳಿಗ್ಗೆ 10:00, ಚಳಿಗಾಲದಲ್ಲಿ 9:00. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ತಿರುಗಿಸುತ್ತಾರೆ, ಆ ವಾರಗಳಲ್ಲಿ ಎರಡು ಸಲ ಖಚಿತಪಡಿಸಿಕೊಳ್ಳಿ.

ದಸರೆಯ ಹತ್ತು ದಿನ ಮೈಸೂರಿನಲ್ಲಿ ಯಾರ ಮನೆಯಲ್ಲೂ ನೆಂಟರಿಲ್ಲದ ಕೋಣೆ ಸಿಗುವುದಿಲ್ಲ. ಗಣೇಶನ ಹಬ್ಬದ ವಾರ ಮೈಕುಗಳ ಕಾಲ. ನವೆಂಬರ್ ತಿಂಗಳಿಡೀ ರಾಜ್ಯೋತ್ಸವದ ಕಾರ್ಯಕ್ರಮಗಳು, ಲೇಖಕರಿಗೆ ಬಿಡುವಿರುವುದಿಲ್ಲ. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟು ನಾಟಿ ನಡೆಯುವ ದಿನಗಳಲ್ಲಿ ರೈತ ಸದಸ್ಯರನ್ನು ಕೇಳಿಯೇ ದಿನ ಗೊತ್ತುಮಾಡಿ.

ಲೇಖಕರಿಲ್ಲದ ಸಭೆ

ಈ ಕೈಪಿಡಿಯಲ್ಲಿ ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ: ಲೇಖಕರು ಬರುವುದಕ್ಕೆ ಹತ್ತು ದಿನ ಮುಂಚೆ ಬಳಗ ತನ್ನಷ್ಟಕ್ಕೆ ತಾನೇ ಒಂದು ಗಂಟೆ ಸೇರಬೇಕು.

ಬರೆದವರು ಎದುರಿಗೆ ಕೂತಾಗ "ಈ ಅಧ್ಯಾಯ ನನಗೆ ಹಿಡಿಸಲಿಲ್ಲ" ಎಂದು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಹಿರಿಯರೆಂಬ ಗೌರವ, ಅತಿಥಿಯೆಂಬ ದಾಕ್ಷಿಣ್ಯ. ಹೇಳದೆ ಉಳಿದ ಅಸಮಾಧಾನ ಹೊಗಳಿಕೆಯ ವೇಷ ಹಾಕಿಕೊಂಡು ಬರುತ್ತದೆ, ಆ ಹೊಗಳಿಕೆಗೆ ಉತ್ತರ ಕೊಡಲು ಲೇಖಕರಿಗೂ ಏನೂ ಇರುವುದಿಲ್ಲ. ಮೊದಲ ಸಭೆಯಲ್ಲಿ ಅದೆಲ್ಲ ಹೊರಬರಲಿ. ಬೇಜಾರಾದ ಜಾಗ, ಅರ್ಥವಾಗದ ಜಾಗ, ಕಣ್ಣು ತುಂಬಿದ ಜಾಗ, ಮೂರನ್ನೂ ಪ್ರತಿಯೊಬ್ಬರೂ ಅಧ್ಯಾಯ ಸಮೇತ ಹೇಳಬೇಕು. ಒಬ್ಬರು ಬರೆದುಕೊಳ್ಳಬೇಕು. 25 ಜನರಿಂದ ಸುಮಾರು 40 ಟಿಪ್ಪಣಿ ಬರುತ್ತವೆ, ಅವನ್ನು 12 ಪ್ರಶ್ನೆಗೆ ಇಳಿಸಬೇಕು.

ಇಳಿಸುವುದು ಹೇಗೆ ಎಂಬುದಕ್ಕೆ ಒಂದು ಮಾದರಿ. ಒಂದು ಕಾದಂಬರಿಯಲ್ಲಿ ಅತ್ತೆ, ಸೊಸೆಯ ಕಥೆ ಇದೆ ಎಂದುಕೊಳ್ಳಿ. ಒಬ್ಬರು ಕೇಳುತ್ತಾರೆ: "ಅತ್ತೆಯ ಪಾತ್ರ ತುಂಬಾ ಚೆನ್ನಾಗಿದೆ, ಅದರ ಬಗ್ಗೆ ಹೇಳಿ." ಇದಕ್ಕೆ ಉತ್ತರ ಎಲ್ಲಿಗೆ ಬೇಕಾದರೂ ಹರಿದು ಹೋಗಬಹುದು. "ಎಲ್ಲಿ ಚೆನ್ನಾಗಿದೆ?" ಎಂದು ಅವರನ್ನೇ ತಿರುಗಿ ಕೇಳಿ. ಪುಟ ತಿರುವಿ ನೋಡಿ ಹೇಳುತ್ತಾರೆ: "ಎರಡನೇ ಅಧ್ಯಾಯದಲ್ಲಿ ಉಗ್ರಾಣದ ಬೀಗದ ಕೈ ಸೊಸೆಗೆ ಕೊಡ್ತಾಳೆ. ಒಂಬತ್ತರಲ್ಲಿ ನೋಡಿದ್ರೆ ಅದು ಅತ್ತೆ ಸೆರಗಿನಲ್ಲೇ ಇದೆ. ಯಾವಾಗ ವಾಪಸ್ ಇಸ್ಕೊಂಡಳು?" ಪ್ರಶ್ನೆ ಸಿಕ್ಕಿತು: "ಬೀಗದ ಕೈ ಎರಡನೇ ಅಧ್ಯಾಯದಲ್ಲಿ ಸೊಸೆಯ ಬಳಿ, ಒಂಬತ್ತರಲ್ಲಿ ಅತ್ತೆಯ ಬಳಿ. ಅದು ಕೈ ಬದಲಾಯಿಸಿದ ಗಳಿಗೆಯನ್ನು ನೀವು ಬರೆದಿಲ್ಲ. ಬರೆದು ತೆಗೆದಿರಾ, ಮೊದಲಿಂದಲೂ ಬಿಟ್ಟಿರಾ?" ಇದಕ್ಕೆ ಲೇಖಕರು ಕುರ್ಚಿಯಲ್ಲಿ ನೆಟ್ಟಗಾಗಿ ಕೂರುತ್ತಾರೆ. ಅದು ಅವರ ಮರೆವೇ ಆಗಿದ್ದರೂ ಚರ್ಚೆಗೆ ಒಳ್ಳೆಯದೇ.

"ಇದು ನಿಮ್ಮದೇ ಜೀವನವಾ" ಎಂಬ ಪ್ರಶ್ನೆಯನ್ನು ಪಟ್ಟಿಯಿಂದ ತೆಗೆಯಿರಿ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಪ್ರಶಸ್ತಿ, ವಿವಾದ, ಬೇರೆ ಲೇಖಕರ ಬಗ್ಗೆ ಅಭಿಪ್ರಾಯ, ಇವೂ ಬೇಡ.

ಹನ್ನೆರಡರಲ್ಲಿ ಐದನ್ನು ಮೂರು ದಿನ ಮುಂಚೆ ಲೇಖಕರಿಗೆ ಕಳಿಸಿ. ಹತ್ತು ವರ್ಷದ ಹಿಂದೆ ಬರೆದದ್ದನ್ನು ಅವರೂ ಒಮ್ಮೆ ತಿರುವಿ ನೋಡಬೇಕಾಗುತ್ತದೆ. ಎಲ್ಲ ಹನ್ನೆರಡನ್ನೂ ಕಳಿಸಿದರೆ ಕೆಲವರು ಉತ್ತರ ಬರೆದುಕೊಂಡು ಬಂದು ಓದಿಬಿಡುತ್ತಾರೆ.

ಯಾವ ಭಾಗ ಓದಿಸಬೇಕು

ಡೆಮಿ ಅಳತೆಯ (ಸಾಮಾನ್ಯ ಕಾದಂಬರಿಯ ಗಾತ್ರದ) ಒಂದು ಪುಟವನ್ನು ನಿಧಾನವಾಗಿ ಗಟ್ಟಿಯಾಗಿ ಓದಲು ಸುಮಾರು ಎರಡೂವರೆ ನಿಮಿಷ ಬೇಕು. ಪರದೆಯ ಮುಂದೆ ಕೂತು ಓದು ಕೇಳುವವರ ಗಮನ ಐದಾರು ನಿಮಿಷ ನಿಲ್ಲುತ್ತದೆ, ಸಭಾಂಗಣದ ಹಾಗೆ ಇಪ್ಪತ್ತು ನಿಮಿಷವಲ್ಲ. ಆದ್ದರಿಂದ ಎರಡು ಪುಟದ ಎರಡು ಭಾಗ, ನಡುವೆ ಮಾತು.

ಭಾಗ ಆರಿಸುವಾಗ ಕಣ್ಣಿಗಿಂತ ಕಿವಿಗೆ ಹೆಚ್ಚು ಸಿಗುವುದನ್ನು ನೋಡಿ. ಮಂಡ್ಯ ಸೀಮೆಯ ಮಾತಿನಲ್ಲಿ ಬರೆದ ಸಂಭಾಷಣೆ ಇದ್ದರೆ ಅದೇ ಇರಲಿ. "ವಸಿ ತಡಿಲಾ, ಬತ್ತೀನಿ" ಎಂದು ಅಚ್ಚಿನಲ್ಲಿ ಓದುವಾಗ ಬೇರೆ ಸೀಮೆಯವರಿಗೆ ಅಕ್ಷರ ಸಿಗುತ್ತದೆ, ರಾಗ ಸಿಗುವುದಿಲ್ಲ. ಅದು ಸಿಟ್ಟೋ ಸಲಿಗೆಯೋ ಎನ್ನುವುದು ಆ "ಲಾ" ಎಷ್ಟು ಉದ್ದ ಎಳೆಯುತ್ತಾರೆ ಎಂಬುದರಲ್ಲಿದೆ. ಬರೆದವರ ಬಾಯಲ್ಲಿ ಕೇಳಿದಾಗ ಪಾತ್ರದ ವಯಸ್ಸೇ ಬದಲಾದ ಹಾಗಾಗುತ್ತದೆ.

ಮೂರನೆಯ ಒಂದು ಭಾಗವನ್ನು, ಒಂದೇ ಪುಟ, ಸದಸ್ಯರೊಬ್ಬರು ಓದಲಿ. ತಮ್ಮ ವಾಕ್ಯವನ್ನು ಇನ್ನೊಬ್ಬರ ದನಿಯಲ್ಲಿ ಕೇಳುವ ಅವಕಾಶ ಲೇಖಕರಿಗೆ ಸಿಗುವುದು ಅಪರೂಪ. ಓದುವವರು ಮನೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಓದಿರಬೇಕು. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ, ಪುಟ ತಿರುವುವ ಸದ್ದು ಕೇಳದ ಹಾಗೆ ಮುಂದಿನ ಹಾಳೆಯ ಮೂಲೆ ಸ್ವಲ್ಪ ಮಡಿಕೆ.

ಓದುವಾಗ ಪುಟವನ್ನು ಪರದೆಯಲ್ಲಿ ತೋರಿಸಬೇಡಿ. ಮುಖ ಅಂಚೆ ಚೀಟಿಯಷ್ಟಾಗುತ್ತದೆ. ಅಧ್ಯಾಯ ಹೇಳಿ, ಎಲ್ಲರೂ ಪುಸ್ತಕ ತೆರೆಯಲು 20 ಸೆಕೆಂಡು ಸುಮ್ಮನಿರಿ. ಆ ಹಾಳೆಗಳ ಸರಬರ ಮ್ಯೂಟ್‌ನಲ್ಲಿದ್ದರೂ ಕಣ್ಣಿಗೆ ಕಾಣುತ್ತದೆ, ಲೇಖಕರಿಗೆ ಅದಕ್ಕಿಂತ ದೊಡ್ಡ ಸ್ವಾಗತ ಬೇಕಿಲ್ಲ.

ಪದ್ಯವನ್ನು ಗಮಕದ ಧಾಟಿಯಲ್ಲಿ ಹಾಡುವವರಿದ್ದರೆ ಎಚ್ಚರಿಕೆ ಬೇಕು. ಸಭೆ ನಡೆಸುವ ಆ್ಯಪ್‌ಗಳು ಮಾತಲ್ಲದ್ದನ್ನು ಗದ್ದಲ ಎಂದು ತಿಳಿದು ಅಡಗಿಸುತ್ತವೆ, ಎಳೆದ ಸ್ವರ ನಡುವೆ ಕತ್ತರಿಸಿ ಹೋಗುತ್ತದೆ. ಜೂಮ್‌ನಲ್ಲಿ ಒರಿಜಿನಲ್ ಸೌಂಡ್ ಆನ್ ಮಾಡಿ, ಗೂಗಲ್ ಮೀಟ್‌ನಲ್ಲಿ ನಾಯ್ಸ್ ಕ್ಯಾನ್ಸಲೇಷನ್ ಆಫ್ ಮಾಡಿ. ಇಬ್ಬರು ಬೇರೆ ಬೇರೆ ಮನೆಯಿಂದ ಒಟ್ಟಿಗೆ ಹಾಡಲು ಹೋಗಬೇಡಿ. ದನಿ ತಲುಪುವುದು ತಡವಾಗುವುದರಿಂದ ತಾಳ ಕೂಡುವುದೇ ಇಲ್ಲ.

ಲಿಂಕ್, ಕರೆಂಟು, ದನಿ

ಉಚಿತ ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷಕ್ಕೆ ಸಭೆ ಮುಗಿಯುತ್ತದೆ, ಉಚಿತ ಜೂಮ್‌ನಲ್ಲಿ 40ಕ್ಕೆ. ಎರಡರಲ್ಲೂ 100 ಜನಕ್ಕೆ ಜಾಗವಿದೆ. ಲೇಖಕರು ಮಾತಿನ ನಡುವಿರುವಾಗ ಸಭೆ ಕತ್ತರಿಸಿ ಹೋಗುವುದನ್ನು ಸರಿಪಡಿಸುವ ಕ್ಷಮೆ ಯಾವುದೂ ಇಲ್ಲ. ಒಂದು ತಿಂಗಳ ಮಟ್ಟಿಗೆ ಹಣ ಕಟ್ಟಿ, ಖರ್ಚು ಹಂಚಿಕೊಳ್ಳಿ. ಲಿಂಕನ್ನು ಫೇಸ್‌ಬುಕ್‌ನಲ್ಲಿ ಹಾಕದೆ, ಹೆಸರು ಕೊಟ್ಟವರಿಗೆ ಮಾತ್ರ ಅದೇ ದಿನ ಸಂಜೆ ಐದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಕಾಯುವ ಕೋಣೆ ಆನ್ ಇರಲಿ, ಒಳಬಂದವರು ತಾನಾಗಿ ಮ್ಯೂಟ್ ಆಗಲಿ, ಪರದೆ ಹಂಚುವ ಅಧಿಕಾರ ನಡೆಸುವವರಿಗಷ್ಟೇ ಇರಲಿ.

ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವವರು ವಿಡಿಯೋ ಪೂರ್ತಿ ಆನ್ ಇಟ್ಟರೆ ಒಂದೂವರೆ ಗಂಟೆಯಲ್ಲಿ ಅದು ಮುಗಿದು ಹೋಗುವ ಸಂಭವವಿದೆ. ಹಗಲಲ್ಲಿ ರೀಲ್ಸ್ ನೋಡದೆ ಉಳಿಸಿಕೊಳ್ಳಲು ಹೇಳಿ, ಮಾತಾಡುವಾಗ ಮಾತ್ರ ಕ್ಯಾಮೆರಾ ಹಾಕಲಿ.

ಲೇಖಕರ ಕಡೆ ಎರಡು ದಾರಿ ಇರಬೇಕು: ಮನೆಯ ವೈಫೈ, ಅದು ಹೋದರೆ ಮೊಬೈಲ್ ಡೇಟಾ. ಮನೆಯಲ್ಲಿ ಯುಪಿಎಸ್ ಇದ್ದರೂ ರೌಟರ್ ಅದರ ಲೈನಿಗೆ ಸೇರಿರುವುದಿಲ್ಲ ಎಂಬುದು ಕರೆಂಟು ಹೋದಾಗಲೇ ಗೊತ್ತಾಗುತ್ತದೆ. ರೌಟರ್‌ಗೆಂದೇ ಪುಟ್ಟ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ. ಹೆಚ್ಚಿನವು 12 ವೋಲ್ಟ್, ಕೆಲವು 9.

ಹಿರಿಯ ಲೇಖಕರಾದರೆ, ಅವರ ಮನೆ ಮೈಸೂರಿನ ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಇದ್ದರೆ, ಸದಸ್ಯರೊಬ್ಬರು ಲ್ಯಾಪ್‌ಟಾಪ್ ಹಿಡಿದು ಅಲ್ಲಿಗೇ ಹೋಗಲಿ. ಹೋದವರು ಮೊದಲು ಫ್ಯಾನ್ ನೋಡಬೇಕು. ನಮ್ಮ ಕಿವಿಗೆ ರೂಢಿಯಾದ ಆ ಗಾಳಿ ಮೈಕಿಗೆ ಗೊರಗೊರ ಎಂದು ಕೇಳುತ್ತದೆ. ಓದುವ ಐದು ನಿಮಿಷ ಫ್ಯಾನ್ ಆರಿಸಿ. ತಂತಿಯ ಇಯರ್‌ಫೋನ್ ಇದ್ದರೆ ಒಳ್ಳೆಯದು, ಮೈಕಿನ ತುಂಡು ಕಾಲರಿಗೆ ಉಜ್ಜದ ಹಾಗೆ ಪಿನ್ ಹಾಕಿ. ಬೆಳಕು ಮುಖದ ಎದುರಿಂದ ಬರಲಿ, ಟ್ಯೂಬ್‌ಲೈಟ್ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಒಂದೇ ಕೋಣೆಯಲ್ಲಿ ಎರಡು ಫೋನ್ ಸಭೆಯಲ್ಲಿದ್ದರೆ ದನಿ ಸುತ್ತಿ ಸುತ್ತಿ ಕೂಗುತ್ತದೆ, ಒಂದರ ಮೈಕು, ಸ್ಪೀಕರ್ ಎರಡೂ ಮುಚ್ಚಿ.

ಎರಡು ದಿನ ಮುಂಚೆ ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ 15 ನಿಮಿಷದ ತಾಲೀಮು ಮಾಡಿ. ಬೆಳಿಗ್ಗೆ ಹನ್ನೊಂದರ ತಾಲೀಮಿನಲ್ಲಿ ಸಂಜೆ ಏಳೂವರೆಯ ಕುಕ್ಕರ್ ವಿಷಲ್ ಕೇಳುವುದಿಲ್ಲ.

ಆ ಸಂಜೆ

ಮೂರು ಜನ ಬೇಕು. ಒಬ್ಬರು ನಡೆಸುವವರು. ಇನ್ನೊಬ್ಬರು ಬಾಗಿಲು ಕಾಯುವವರು: ಒಳಗೆ ಬಿಡುವುದು, ಮ್ಯೂಟ್ ಮಾಡುವುದು, ಚಾಟ್ ನೋಡುವುದು. ಮೂರನೆಯವರು ಲೇಖಕರಿಗೆ ಮೀಸಲು, ಅವರ ಸಂಪರ್ಕ ಕಡಿದರೆ ತಕ್ಷಣ ಫೋನ್ ಮಾಡುವವರು.

7:15ಕ್ಕೆ ಲೇಖಕರೂ ಈ ಮೂವರೂ ಒಳಗಿರಲಿ. 7:30ಕ್ಕೆ ಸರಿಯಾಗಿ ಶುರು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಅಷ್ಟು ದೊಡ್ಡ ಜಾತ್ರೆಗೆ ಸ್ವಾಗತ, ಪ್ರಾಸ್ತಾವಿಕ, ವಂದನೆ ಎಲ್ಲ ಬೇಕು. 25 ಜನರ ಪರದೆಗೆ ಎರಡು ನಿಮಿಷದ ಪರಿಚಯ ಸಾಕು, ಪುಸ್ತಕ ಓದಿದವರಿಗೆ ಲೇಖಕರು ಆಗಲೇ ಪರಿಚಿತರು. 7:35ಕ್ಕೆ ಮೊದಲ ಓದು. ಅದಾದ ಮೇಲೆ ಅದೇ ಭಾಗದ ಮೇಲೆ ಮೂರು ಪ್ರಶ್ನೆ. 8:00ರ ಹೊತ್ತಿಗೆ ಸದಸ್ಯರ ಓದು, ಲೇಖಕರ ಪ್ರತಿಕ್ರಿಯೆ, ಇನ್ನು ನಾಲ್ಕೈದು ಪ್ರಶ್ನೆ. 8:30ಕ್ಕೆ ಎರಡನೇ ಓದು. ಕೊನೆಯ ಇಪ್ಪತ್ತು ನಿಮಿಷ ಪಟ್ಟಿಯಲ್ಲಿಲ್ಲದ ಪ್ರಶ್ನೆಗಳಿಗೆ, ಲೇಖಕರು ಓದುಗರನ್ನು ಕೇಳಬೇಕೆಂದಿರುವ ಪ್ರಶ್ನೆಗಳಿಗೂ. 9:00ಕ್ಕೆ ಮುಗಿಸಿ, ಮಾತು ಕಾವೇರಿದ್ದರೂ ಮುಗಿಸಿ. ಇರಬೇಕೆನ್ನುವವರು ಇರಲಿ, ಲೇಖಕರಿಗೆ ಎದ್ದು ಹೋಗುವ ಬಾಗಿಲು ತೆರೆದಿರಬೇಕು.

ಪ್ರಶ್ನೆಯನ್ನು ಅದನ್ನು ತಂದವರೇ ಕೇಳಲಿ, ನಡೆಸುವವರು ಓದಿಬಿಟ್ಟರೆ ಸಂದರ್ಶನವಾಗುತ್ತದೆ. "ಮುಂದಿನ ಪ್ರಶ್ನೆ ಮಳವಳ್ಳಿಯಿಂದ, ಅದರ ನಂತರ ಮೈಸೂರಿನ ವಿಜಯನಗರದಿಂದ" ಎಂದು ಇಬ್ಬರನ್ನು ಮುಂಗಡವಾಗಿ ಕರೆದರೆ ಮ್ಯೂಟ್ ತೆಗೆಯುವ ತಡಕಾಟ ತಪ್ಪುತ್ತದೆ. ಪ್ರಶ್ನೆ ಕೇಳುವ ನೆಪದಲ್ಲಿ ಐದು ನಿಮಿಷ ಮಾತಾಡುವವರು ಎಲ್ಲ ಬಳಗದಲ್ಲೂ ಇರುತ್ತಾರೆ. ಅವರನ್ನು ಮ್ಯೂಟ್ ಮಾಡಿ ಅವಮಾನಿಸಬೇಡಿ. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಹೆಸರು ಹಿಡಿದು, "ಯಾವ ಅಧ್ಯಾಯದಲ್ಲಿ ಹಾಗನ್ನಿಸಿತು?" ಎಂದು ಕೇಳಿ. ಪುಟಕ್ಕೆ ಇಳಿದ ಕೂಡಲೇ ಮಾತು ಚಿಕ್ಕದಾಗುತ್ತದೆ.

ಲೇಖಕರು ಉತ್ತರಕ್ಕೆ ಮುಂಚೆ ಸುಮ್ಮನಾದರೆ ಆ ಮೌನವನ್ನು ತುಂಬಬೇಡಿ. ಸಂಪರ್ಕ ಕಡಿಯಿತೇ ಎಂಬ ಗಾಬರಿಯಲ್ಲಿ "ಸರ್, ಕೇಳಿಸ್ತಿದೆಯಾ" ಎನ್ನುವುದೇ ಆನ್‌ಲೈನ್ ಸಭೆಯ ದೊಡ್ಡ ಕಾಟ. ಕಣ್ಣು ಮಿಟುಕುತ್ತಿದ್ದರೆ ಅವರು ಯೋಚಿಸುತ್ತಿದ್ದಾರೆ. ಹತ್ತು ಸೆಕೆಂಡು ಎಣಿಸಿ. ನಿಜಕ್ಕೂ ಕಡಿದು ಹೋದರೆ, ಲೇಖಕರು ಮರಳುವವರೆಗೆ ಸದಸ್ಯರ ಓದು ಮುಂದಕ್ಕೆ ತನ್ನಿ. ಅವರನ್ನು ಮಾಮೂಲಿ ಫೋನ್ ಕರೆಯಲ್ಲಿ ಹಿಡಿದು, ಸ್ಪೀಕರ್ ಹಾಕಿ, ಮೈಕಿನ ಹತ್ತಿರ ಇಟ್ಟರೂ ಮಾತು ಎಲ್ಲರಿಗೂ ಮುಟ್ಟುತ್ತದೆ.

ಸಭೆ ಮುಗಿದ ಮೇಲೆ

ಸಂಭಾವನೆಯನ್ನು ಅದೇ ರಾತ್ರಿ ಯುಪಿಐ ಮಾಡಿ. ಸಭೆಯ ಬಗ್ಗೆ ಎಲ್ಲಾದರೂ ಬರೆಯುವುದಾದರೆ, ಲೇಖಕರ ಬಾಯಿಂದ ಬಂದ ವಾಕ್ಯಗಳನ್ನು ಮೊದಲು ಅವರಿಗೇ ತೋರಿಸಿ. ಆತ್ಮೀಯರ ನಡುವೆ ಆಡಿದ ಒಂದು ಮಾತು ಮರುದಿನ ತಲೆಬರಹವಾದರೆ ಅವರು ಇನ್ನಾವ ಬಳಗಕ್ಕೂ ಬರುವುದಿಲ್ಲ.

ಹಸ್ತಾಕ್ಷರಕ್ಕೂ ದಾರಿ ಇದೆ. ಪುಸ್ತಕಗಳನ್ನು ಅಂಚೆಯಲ್ಲಿ ಓಡಾಡಿಸುವ ಬದಲು 3 ಇಂಚು ಅಗಲ, 4 ಇಂಚು ಉದ್ದದ ದಪ್ಪ ಬಿಳಿ ಕಾಗದದ ಚೀಟಿ, ತಲೆಗೊಂದರಂತೆ 25, ಹಾಳಾದರೆ ಇರಲಿ ಎಂದು ಇನ್ನು ಐದು, ಲೇಖಕರಿಗೆ ಕಳಿಸಿ. ಜೊತೆಗೆ ಓದುಗರ ಹೆಸರುಗಳ ಪಟ್ಟಿಯನ್ನು ದುಂಡಗಿನ ಅಕ್ಷರದಲ್ಲಿ ಬರೆದಿಡಿ, ಅಂಚೆ ಚೀಟಿ ಹಚ್ಚಿ ನಿಮ್ಮ ವಿಳಾಸ ಬರೆದ ಮರಳಿ ಕಳಿಸುವ ಲಕೋಟೆಯನ್ನೂ ಇಡಿ. ಸಹಿ ಹಾಕಿದ ಚೀಟಿ ಬಂದ ಮೇಲೆ ಶೀರ್ಷಿಕೆ ಪುಟದ ಹಿಂದಿನ ಖಾಲಿ ಹಾಳೆಗೆ ಗ್ಲೂ ಸ್ಟಿಕ್‌ನಲ್ಲಿ ಅಂಟಿಸಿ. ನೀರು ಗೋಂದು ಹಚ್ಚಿದರೆ ಹಾಳೆ ಸುಕ್ಕಾಗುತ್ತದೆ, ಶಾಯಿಯೂ ಹರಡುತ್ತದೆ. ಅಂಟಿಸಿದ ಮೇಲೆ ಒಂದು ರಾತ್ರಿ ಭಾರದ ನಿಘಂಟಿನ ಕೆಳಗೆ ಒತ್ತಿಡಿ.